ತಾಮ್ರವೂ ಟಂಗ್‌ಸ್ಟನ್ನೂ ಕೂಡುವ ಬಗೆ

ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರು ಈಗ ವಿರಳ. ಕಲಾಯಿಗಾರನು ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರದ ಪುಡಿಯನ್ನು ಎರಚಿದ ಬಳಿಕವೇ ತವರವನ್ನು ಬಳಿಯುವನು. ನವಸಾಗರವಿಲ್ಲದಿದ್ದರೆ ಕರಗಿದ ತವರವು ಕೆಸುವಿನೆಲೆಯ ಮೇಲಣ ನೀರಿನಂತೆ ಗುಂಡಗೆ ಹೊರಳಾಡುವುದು. ಅದಿದ್ದರೆ ತಾಮ್ರದ ಆಕ್ಸೈಡಿನ ಪೊರೆ ಕಳಚಿ, ತವರವು ತೆಳ್ಳಗೆ ಹರಡಿ ಅಂಟಿಕೊಳ್ಳುವುದು. ದ್ರವವು ಘನದ ಮೇಲೆ ಹೀಗೆ ಹರಡುವುದನ್ನು ‘ತೇವಗೊಳಿಸುವಿಕೆ’ ಎನ್ನುವರು.

ತಾಮ್ರವು ವಿದ್ಯುತ್ತನ್ನೂ ಶಾಖವನ್ನೂ ಚೆನ್ನಾಗಿ ಸಾಗಿಸಬಲ್ಲುದು. ಆದರೆ ಮೆದುವಾದ ಲೋಹ. ತವರವನ್ನೋ ಸತುವನ್ನೋ ಕರಗಿಸಿ ಬೆರೆಸಿದರೆ ಗಟ್ಟಿಯಾಗುವುದು ನಿಜ. ಆದರೆ ಪರಕೀಯ ಪರಮಾಣುಗಳು ಎಲೆಕ್ಟ್ರಾನುಗಳಿಗೆ ಅಡ್ಡಬರುವುದರಿಂದ ವಾಹಕತೆಯು ಬಹಳ ಇಳಿಯುವುದು. ಇದಕ್ಕೆ ಬದಲಾಗಿ, ತಾಮ್ರದಲ್ಲಿ ಕರಗದ ಗಟ್ಟಿ ವಸ್ತುವನ್ನು ತಂತಿಯ ಅಥವಾ ಕಣಗಳ ರೂಪದಲ್ಲಿ ಅದರೊಳಗೆ ಹುದುಗಿಸಬಹುದು. ಇದು ಸಂಯೋಜಿತ ಲೋಹ. ಎರಡು ವಸ್ತುಗಳು ಮುಖಾಮುಖಿಯಾಗಿ ಕೂಡುವ ಎಡೆಯನ್ನು ಸಂಧಿತಲವೆಂದು ಕರೆಯೋಣ.

1960ರ ಆಸುಪಾಸಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ ಮೆಕ್‌ಡ್ಯಾನೆಲ್ಸ್, ಜೆಕ್, ವೀಟನ್ ಎಂಬ ಮೂವರು ಕೂದಲಿನಷ್ಟು ಸಣ್ಣ ಟಂಗ್‌ಸ್ಟನ್ ತಂತಿಗಳ ಕಟ್ಟಿನೊಳಕ್ಕೆ ಕರಗಿದ ತಾಮ್ರವನ್ನು ಇಳಿಸಿ ಸರಳುಗಳನ್ನು ತಯಾರಿಸಿದರು. ತಾಮ್ರವು ಸುಮಾರು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಟಂಗ್‌ಸ್ಟನ್ನಿಗೆ 3400 ಡಿಗ್ರಿಗೂ ಮೇಲೆ ಬೇಕು. ಇವೆರಡೂ ಒಂದರಲ್ಲೊಂದು ಕರಗುವುದಿಲ್ಲ. ಆದರೂ ಶುಚಿಯಾದ ಟಂಗ್‌ಸ್ಟನ್ನನ್ನು ದ್ರವ ತಾಮ್ರವು ಸೊಗಸಾಗಿ ತೇವಗೊಳಿಸುವುದು. ಸರಳಿನಲ್ಲಿ ತಂತಿಯ ಪಾಲು ಹೆಚ್ಚಿದಂತೆ ಅದರ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚಿತು. ಇನ್ನೂ ಸೋಜಿಗವೆಂದರೆ, ಈ ಕೊನೆಯಿಂದ ಆ ಕೊನೆಗೆ ಮುಟ್ಟದ ತುಂಡುತಂತಿಗಳೂ ಭಾರವನ್ನು ಹೊತ್ತವು.

ತುಂಡುತಂತಿಯ ತುದಿಯನ್ನು ಯಾರೂ ಹಿಡಿದೆಳೆಯುವುದಿಲ್ಲವಷ್ಟೆ! ಅದರ ಮೈಯನ್ನು ಸುತ್ತಲಿನ ತಾಮ್ರವು ಎಳೆಯುತ್ತದೆ. ಭಾರವೆಲ್ಲ ಸಂಧಿತಲದ ಮೂಲಕವೇ ದಾಟಬೇಕು. ಒಂದು ಸಣ್ಣ ಲೆಕ್ಕವನ್ನು ಮಾಡೋಣ. ತಂತಿಯ ವ್ಯಾಸ 0.1 ಮಿಲಿಮೀಟರ್, ಅದು ತುಂಡಾಗಲು ಚದರ ಮಿಲಿಮೀಟರಿಗೆ 2000 ನ್ಯೂಟನ್ ಬೇಕು, ಸಂಧಿತಲವು ಜಾರದೆ ತಡೆಯುವ ಬಲ ಚದರ ಮಿಲಿಮೀಟರಿಗೆ 50 ನ್ಯೂಟನ್ ಎಂದಿಟ್ಟುಕೊಳ್ಳಿರಿ. ತಂತಿಯ ಬಲವನ್ನು ವ್ಯಾಸದಿಂದ ಗುಣಿಸಿ, ಸಂಧಿತಲದ ಬಲದ ಎರಡರಷ್ಟರಿಂದ ಭಾಗಿಸಿದರೆ 2 ಮಿಲಿಮೀಟರ್ ಬರುವುದು. ಇದಕ್ಕಿಂತ ಉದ್ದವಾದ ತಂತಿಯು ತನ್ನ ಪೂರ್ಣ ಬಲವನ್ನು ತೋರಬಲ್ಲುದು. ಗಿಡ್ಡವಾದುದು ಸಡಿಲ ಮಣ್ಣಿನ ಹುಲ್ಲಿನಂತೆ ಕಿತ್ತುಬರುವುದು. ಬಂಧನವು ಸಡಿಲವಾಗಿ 50ರ ಬದಲು 10 ಆದರೆ, ಅದೇ ತಂತಿಯು 10 ಮಿಲಿಮೀಟರ್ ಉದ್ದವಿರಬೇಕಾಗುವುದು.

ಬಂಧನಕ್ಕೆ ಇನ್ನೊಂದು ನೆರವೂ ಉಂಟು. ತಣಿಯುವಾಗ ತಾಮ್ರವು ಟಂಗ್‌ಸ್ಟನ್ನಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿ ಕುಗ್ಗುವುದು. ಕಮ್ಮಾರನು ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿಯು ತಣಿದು ಬಂಡಿಯ ಗಾಲಿಯನ್ನು ಬಿಗಿಯುವಂತೆ, ತಾಮ್ರವು ತಂತಿಯನ್ನು ಬಿಗಿಯುವುದು.

ಹಾಗಾದರೆ ನಂಟು ಗಾಢವಾದಷ್ಟೂ ಒಳಿತೆ? ಅಲ್ಲ. ಅದೇ ಕೇಂದ್ರದಲ್ಲಿ ಪೆಟ್ರಾಸೆಕ್ ಮತ್ತು ವೀಟನ್ ತಾಮ್ರಕ್ಕೆ ಬೇರೆ ಬೇರೆ ಧಾತುಗಳನ್ನು ಬೆರೆಸಿ ನೋಡಿದರು. ನಿಕ್ಕಲ್ ಸೇರಿದಾಗ ಅದು ತಂತಿಯ ಹೊರಪದರಕ್ಕೆ ನುಸುಳಿ, ಎಳೆದು ನಾರಿನಂತಾಗಿದ್ದ ಟಂಗ್‌ಸ್ಟನ್ ಹರಳುಗಳು ಅಲ್ಲಿ ಹೊಸದಾಗಿ ರೂಪುಗೊಂಡವು, ತಂತಿಯು ಪೆಡಸಾಯಿತು.

ತಾಮ್ರದಲ್ಲಿ ವಜ್ರದ ಹರಳುಗಳನ್ನು ಹುದುಗಿಸುವಾಗ ತೊಡಕು ಇದರ ವಿರುದ್ಧ ದಿಕ್ಕಿನಲ್ಲಿ ತೊಡಗುವುದು. ಕರಗಿದ ತಾಮ್ರವು ಇಂಗಾಲವನ್ನು ತೇವಗೊಳಿಸದು. ವಜ್ರವು ತಾಮ್ರಕ್ಕಿಂತ ನಾಲ್ಕೈದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸಿದರೂ, ಬರಿಯ ತಾಮ್ರದಲ್ಲಿ ಹುದುಗಿಸಿದಾಗ ಸಂಯೋಜಿತ ವಸ್ತುವು ತಾಮ್ರಕ್ಕಿಂತಲೂ ಮಂದವಾಗುವುದುಂಟು. ಎಳೆದರೆ ಹರಳುಗಳು ಸುಲಭವಾಗಿ ಬಿಟ್ಟುಬರುವುವು. ತಾಮ್ರಕ್ಕೆ ತುಸು ಕ್ರೋಮಿಯಮ್ ಬೆರೆಸಿದರೆ ಅದು ವಜ್ರದ ಮೈಯಲ್ಲಿ ಕಾರ್ಬೈಡಿನ ಪೊರೆಯಾಗಿ ಎರಡನ್ನೂ ಬೆಸೆಯುವುದು. ಆದರೆ ಕಾರ್ಬೈಡು ತಾನೇ ಮಂದ ವಾಹಕ, ಪೆಡಸು ಕೂಡ. ಆದುದರಿಂದ ಪೊರೆ ದಪ್ಪವಾಗದಂತೆ, ಕ್ರೋಮಿಯಮನ್ನು ನೂರಕ್ಕೆ ಒಂದು ಪಾಲಿನ ಆಸುಪಾಸಿನಲ್ಲಿಯೇ ನಿಲ್ಲಿಸುವರು.