ಬಲೆಯೂ ಬಳೆಯೂ

ರಾಜೂರದಲ್ಲಿ ಒಂದು ಸಾಯಂಕಾಲ ಚಿಕ್ಕ ಬಾಲಕಿಯೊಬ್ಬಳು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ಓದುತ್ತಾ, ಸೀಮೋನನೂ ಅಂದ್ರೆಯನೂ ತಮ್ಮ ಬಳೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರೆಂದಳು. ಕೇಳಿದವರು ನಕ್ಕರು, ಕೂಸು ಪುಸ್ತಕವನ್ನು ಮುಚ್ಚಿಟ್ಟಿತು. ತಪ್ಪು ಅದರದಲ್ಲ, ಕಲಿಸಿದ ನಮ್ಮದು. ಅಕ್ಷರಗಳನ್ನು ಬಾಯಿಪಾಠ ಮಾಡಿಸಿದ್ದೆವೇ ಹೊರತು ಲಕಾರ ಳಕಾರಗಳ ಭೇದವನ್ನು ಅದರ ಕಿವಿಗೆ ಮುಟ್ಟಿಸಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಬಲೆ ಬೇರೆ, ಬಳೆ ಬೇರೆ.

ಆದಕಾರಣ ಈಗ ಹೀಗೆ ಕಲಿಸುತ್ತೇವೆ. ಮೊದಲು ಮೀನಿನ ಬಲೆಯನ್ನೂ ಕೈಬಳೆಯನ್ನೂ ಹೆಸರಿಸಿ, ಲಕಾರಕ್ಕೆ ನಾಲಿಗೆಯ ತುದಿಯು ಹಲ್ಲಿನ ಬುಡವನ್ನು ಮುಟ್ಟುವದನ್ನೂ ಳಕಾರಕ್ಕೆ ಹಿಂದಕ್ಕೆ ಮಡಚಿಕೊಳ್ಳುವದನ್ನೂ ತೋರಿಸುತ್ತೇವೆ. ಬಳಿಕ ಮರಳಿನಲ್ಲಿ ಬೆರಳಿನಿಂದ, ಕಡೆಗೆ ಪಾಟಿಯ ಮೇಲೆ ಬರೆಯಿಸುತ್ತೇವೆ. ಹ್ರಸ್ವದೀರ್ಘಗಳಿಗೂ ಇದೇ ಕ್ರಮ. ಒಂದು ದೀರ್ಘ ತಪ್ಪಿದರೆ ವಿಶ್ವಾಸಿಗಳು ಕೂಡಿದರು ಎಂಬದು ಕುಡಿದರು ಎಂದಾಗುವದು. ದಿನಕ್ಕೆ ಐದೇ ಮಾತುಗಳ ಉಕ್ತಲೇಖನ ಸಾಕು. ತಪ್ಪನ್ನು ಮಗುವೇ ಹುಡುಕಿ ತಿದ್ದಲಿ.

ತಂದೆತಾಯಿಗಳೇ, ಓದುವ ಮಗುವನ್ನು ನೋಡಿ ನಗಬೇಡಿರಿ. ಓದು ಬಾರದ ತಂದೆಯು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ನೋಡಬೇಕಾದ ಕಣ್ಣು ಅದರದೇ. ಮನೆಯಲ್ಲಿ ದೇವರ ವಾಕ್ಯವನ್ನು ಕೇಳಿಸಬೇಕಾದ ಬಾಯಿಯೂ ಅದರದೇ.