ದಂಡ ಕಟ್ಟಿದರೆ ಮುಗಿಯುವುದಿಲ್ಲ

ತಂಗಿ, ಶಹಾಪುರ–ಸುರಪುರ ನಡುವೆ ಟಂಟಂ ಆಟೊ ಓಡಿಸುವ ನಿಮ್ಮ ಯಜಮಾನರು ತಮ್ಮ ಮೇಲೆ ಬಿದ್ದ ಚಲನ್‌ಗಳ ಬಗ್ಗೆ ‘ದಂಡ ಕಟ್ಟಿದರೆ ಆಯ್ತು’ ಎನ್ನುತ್ತಾರೆಂದು ಬರೆದಿದ್ದೀರಿ. ಅಷ್ಟಕ್ಕೇ ಮುಗಿಯುವುದಿಲ್ಲ. ಹೆಚ್ಚುವರಿ ಪ್ರಯಾಣಿಕರನ್ನು ತುಂಬಿದರೆ ಕಾನೂನಿನಲ್ಲಿ ತಲೆಗೆ 200 ರೂಪಾಯಿ ದಂಡವಿದೆ. ಅವರನ್ನು ಇಳಿಸುವ ತನಕ ಗಾಡಿ ಕದಲುವಂತಿಲ್ಲ.

ನನಗೆ ಹೆಚ್ಚು ಚಿಂತೆಯಾಗಿದ್ದು ಗಾಡಿ ಓಡಿಸುತ್ತ ಮೊಬೈಲ್ ಹಿಡಿದಿದ್ದಕ್ಕೆ ಅವರ ಮೇಲೆ ಬಿದ್ದಿವೆಯೆಂದು ನೀವು ಬರೆದ ಎರಡು ಪ್ರಕರಣಗಳದ್ದು. 2019ರ ತಿದ್ದುಪಡಿಯ ಪ್ರಕಾರ ಫೋನ್ ಕೈಯಲ್ಲಿ ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆ. ಇದಕ್ಕೆ, ಅತಿವೇಗಕ್ಕೆ, ಕುಡಿದು ಓಡಿಸಿದ್ದಕ್ಕೆ ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಸಾರಿಗೆ ಕಚೇರಿಗೆ ಕಳಿಸಬಹುದು. ಮೊದಲ ಸಲ ಮೂರು ತಿಂಗಳ ಅಮಾನತು, ಮತ್ತೆ ಸಿಕ್ಕರೆ ಲೈಸೆನ್ಸೇ ರದ್ದು. ಅಮಾನತಿನಲ್ಲಿದ್ದಾಗ ಗಾಡಿ ಮುಟ್ಟಿದರೆ ಜೈಲೂ ಆಗಬಹುದು. ಬಾಡಿಗೆಯಿಂದಲೇ ಸಾಲದ ಕಂತು ಕಟ್ಟುವ ಮನೆಗೆ ಆ ಮೂರು ತಿಂಗಳು ಎಷ್ಟು ಉದ್ದವೆಂದು ನಿಮಗೇ ಗೊತ್ತು.

ಪರಿವಾಹನ್ ಇ-ಚಲನ್ ತಾಣದಲ್ಲಿ ಕೆಎ-33ರ ನಿಮ್ಮ ಗಾಡಿ ನಂಬರ್ ಹಾಕಿ ಎಲ್ಲ ಬಾಕಿ ನೋಡಿರಿ. ತಪ್ಪಾಗಿ ಬಿದ್ದದ್ದಿದ್ದರೆ ಕಟ್ಟಬೇಡಿ, ಪ್ರಶ್ನಿಸಿ. ಉಳಿದದ್ದನ್ನು ಬೇಗ ತೀರಿಸಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ಹೆಣ್ಣುಮಕ್ಕಳನ್ನು ಒತ್ತೊತ್ತಾಗಿ ತುಂಬುವುದನ್ನಂತೂ ಇಂದೇ ನಿಲ್ಲಿಸಲು ಹೇಳಿ. ಗಾಡಿ ಮಗುಚಿದರೆ ಹೋಗುವುದು ಅವರ ಜೀವ.