ಒಂದೇ ಯಂತ್ರ, ಮೂರು ವಿದ್ಯೆಗಳು

ಪದವಿಪೂರ್ವ ಪರೀಕ್ಷೆಯನ್ನು ಮುಗಿಸಿ ಇಂಜಿನಿಯರಿಂಗ್ ಕಾಲೇಜನ್ನು ಸೇರಬಯಸುವ ವಿದ್ಯಾರ್ಥಿಯ ಮುಂದೆ ಇಂದು ಮೂರು ಹೆಸರುಗಳು ನಿಲ್ಲುತ್ತವೆ: ಗಣಕ ವಿಜ್ಞಾನ, ಮಾಹಿತಿ ತಂತ್ರಜ್ಞಾನ, ಸೈಬರ್ ಸುರಕ್ಷತೆ. ಮೂರೂ ಒಂದೇ ಯಂತ್ರವನ್ನು ಕುರಿತ ವಿದ್ಯೆಗಳು. ಹಾಗಿದ್ದ ಮೇಲೆ ಇವುಗಳಲ್ಲಿ ಭೇದವೇನು? ಹೆಸರಿಗೆ ಮರುಳಾಗಿ ಆರಿಸಿದ ವಿಷಯವನ್ನೂ ನಾಲ್ಕು ವರ್ಷ ಓದಲೇಬೇಕಾಗುವುದರಿಂದ, ಮೊದಲೇ ವಿಚಾರ ಮಾಡುವುದು ಲೇಸು. ನಡೆದ ಒಂದು ಘಟನೆಯ ಮೂಲಕ ಈ ಭೇದವನ್ನು ಪರಿಶೀಲಿಸೋಣ.

2017ನೆಯ ಇಸವಿಯ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ಪ್ರೋಗ್ರಾಮೊಂದು ಹಲವು ದೇಶಗಳ ಗಣಕಯಂತ್ರಗಳಿಗೆ ಹಬ್ಬಿತು. ಅದು ಹೊಕ್ಕ ಯಂತ್ರದ ಕಡತಗಳು ಗೂಢಲಿಪಿಗೆ ತಿರುಗಿ, ಅವನ್ನು ಬಿಡಿಸಿಕೊಳ್ಳಲು 300 ಡಾಲರು ತೆರಬೇಕೆಂಬ ಬೇಡಿಕೆ ಪರದೆಯ ಮೇಲೆ ಮೂಡುತ್ತಿತ್ತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟುಗಳ ಪೈಕಿ ಸುಮಾರು ಮೂರರಲ್ಲಿ ಒಂದು ಪಾಲು ಇದರ ಬಾಧೆಗೆ ಸಿಕ್ಕಿತು. ಸಾವಿರಾರು ರೋಗಿಗಳಿಗೆ ಗೊತ್ತುಪಡಿಸಿದ್ದ ವೈದ್ಯರ ಭೇಟಿಗಳು ರದ್ದಾದುವು.

ಈ ಪ್ರೋಗ್ರಾಮು ಒಳಹೊಕ್ಕುದು ಹೇಗೆ? ಇದು ಮೊದಲನೆಯ ಪ್ರಶ್ನೆ. ವಿಂಡೋಸ್ ವ್ಯವಸ್ಥೆಯಲ್ಲಿ ಕಡತಗಳನ್ನು ಹಂಚಿಕೊಡುವ ಭಾಗವೊಂದು, ಒಂದು ಪಟ್ಟಿಯ ಉದ್ದವನ್ನು 32 ಬಿಟ್‌ಗಳ ಸಂಖ್ಯೆಯಾಗಿ ಇಟ್ಟುಕೊಂಡಿದ್ದರೂ ತಿದ್ದುವಾಗ ಕೆಳಗಿನ 16 ಬಿಟ್‌ಗಳನ್ನು ಮಾತ್ರ ತಿದ್ದುತ್ತಿತ್ತು. ಹೀಗಾಗಿ ಉದ್ದದ ಲೆಕ್ಕ ತಪ್ಪುವಂತೆ ಮಾಡುವುದು ಸಾಧ್ಯವಾಯಿತು. ಪಾವಿನಲ್ಲಿ ಸೇರು ಅಕ್ಕಿ ಸುರಿದರೆ ಹೊರಕ್ಕೆ ಚೆಲ್ಲುವಂತೆ, ದತ್ತಾಂಶವು ತನಗೆ ಮೀಸಲಾದ ಸ್ಥಳವನ್ನು ಮೀರಿ ಪಕ್ಕದ ಸ್ಮೃತಿಗೆ ಹರಿಯಿತು. ಪರರ ಆಜ್ಞೆಗಳಿಗೆ ಅದೇ ದಾರಿಯಾಯಿತು. ಇಂತಹ ದೋಷ ಹುಟ್ಟದಂತೆ ಪ್ರೋಗ್ರಾಮನ್ನು ರಚಿಸುವುದು ಹೇಗೆ, ಅದು ಸರಿಯೆಂದು ಸಾಧಿಸುವುದು ಹೇಗೆ ಎಂಬುದು ಗಣಕ ವಿಜ್ಞಾನದ ವಿಷಯ. ಗಣಿತ ಮತ್ತು ತರ್ಕಗಳೇ ಇದರ ಬುನಾದಿ.

ಎರಡನೆಯ ಪ್ರಶ್ನೆ ಇನ್ನೊಂದು ಬಗೆಯದು. ಈ ದೋಷದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ, ಎಂದರೆ ಸುಮಾರು ಎರಡು ತಿಂಗಳು ಮುಂಚೆಯೇ, ಹೊರಡಿಸಿತ್ತು. ಆದರೂ ಬಾಧೆಗೊಳಗಾದ ಯಂತ್ರಗಳಲ್ಲಿ ಅದನ್ನು ಅಳವಡಿಸಿರಲಿಲ್ಲ. ಆಸ್ಪತ್ರೆಯಲ್ಲಿ ಯಾವ ಯಂತ್ರ ಎಲ್ಲಿದೆ, ಅದನ್ನು ಯಾವ ವೇಳೆಯಲ್ಲಿ ನಿಲ್ಲಿಸಬಹುದು, ಕಡತಗಳ ಪ್ರತಿಗಳು ಬೇರೆಡೆ ಭದ್ರವಾಗಿವೆಯೇ ಎಂಬುದನ್ನೆಲ್ಲ ಅರಿತು ಇಡೀ ವ್ಯವಸ್ಥೆಯನ್ನು ನಡೆಸುವುದು ಮಾಹಿತಿ ತಂತ್ರಜ್ಞಾನದ ಕಾರ್ಯ. ಇದನ್ನು ಕೀಳೆಂದು ಎಣಿಸುವವರುಂಟು. ಅಂದು ರೋಗಿಗಳು ಹಿಂದಿರುಗಬೇಕಾದುದು ಈ ಕಾರ್ಯದಲ್ಲಿನ ಲೋಪದಿಂದಲೇ ಎಂಬುದನ್ನು ಅವರು ಮರೆಯಬಾರದು.

ಹಬ್ಬುತ್ತಿರುವುದನ್ನು ತಡೆಯುವುದು ಹೇಗೆ? ಇದು ಮೂರನೆಯ ಪ್ರಶ್ನೆ. ಬ್ರಿಟನ್ನಿನ 22 ವರ್ಷದ ಮಾರ್ಕಸ್ ಹಚಿನ್ಸ್ ಎಂಬಾತನು ಆ ಪ್ರೋಗ್ರಾಮನ್ನು ಪರೀಕ್ಷಿಸುತ್ತ, ಅದು ಯಾರೂ ನೋಂದಾಯಿಸದ ಒಂದು ಅಂತರಜಾಲ ವಿಳಾಸವನ್ನು ಸಂಪರ್ಕಿಸಲು ಯತ್ನಿಸುತ್ತಿರುವುದನ್ನು ಕಂಡನು. ಆ ವಿಳಾಸವನ್ನು ತಾನೇ ನೋಂದಾಯಿಸಿದನು. ಅಲ್ಲಿಂದ ಉತ್ತರ ಬಂದರೆ ಕೆಲಸ ನಿಲ್ಲಿಸುವಂತೆ ಪ್ರೋಗ್ರಾಮು ರಚಿತವಾಗಿದ್ದುದು ಅನಂತರ ತಿಳಿಯಿತು. ಹಾವಳಿ ಬಹುಮಟ್ಟಿಗೆ ತಗ್ಗಿತು. ಎದುರಾಳಿಯ ಮನಸ್ಸಿನಿಂದ ಯೋಚಿಸುವುದೇ ಸೈಬರ್ ಸುರಕ್ಷತೆಯ ಸ್ವರೂಪ. ಆದರೆ ಪ್ರೋಗ್ರಾಮಿನ ಒಳರಚನೆಯನ್ನಾಗಲಿ ಜಾಲದ ನಡೆಯನ್ನಾಗಲಿ ಅರಿಯದವನು ಅವನ್ನು ಕಾಯಲಾರನು. ಆದುದರಿಂದ ಈ ವಿದ್ಯೆಯು ಉಳಿದೆರಡರ ಮೇಲೆ ನಿಂತಿದೆ.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ‘ಮಾಹಿತಿ ವಿಜ್ಞಾನ’ವೆಂಬ ಶಾಖೆಯಿದೆ; ಅದರ ಪಾಠಗಳಲ್ಲಿ ಬಹುಭಾಗ ಗಣಕ ವಿಜ್ಞಾನದವೇ. ಹೆಸರು ಬೇರೆಯಾದ ಮಾತ್ರಕ್ಕೆ ಪಾಠ ಬೇರೆಯಾಗದು. ಆದುದರಿಂದ ಸೇರುವ ಮುನ್ನ ಪಠ್ಯಕ್ರಮವನ್ನು ತರಿಸಿ ಓದಬೇಕು. ‘ಏಕೆ ಹೀಗೆ?’ ಎಂಬ ಪ್ರಶ್ನೆಯೂ ಗಣಿತವೂ ಪ್ರಿಯವಾದವನಿಗೆ ಗಣಕ ವಿಜ್ಞಾನ ಒಪ್ಪುತ್ತದೆ. ಹತ್ತು ಜನರ ಕೆಲಸ ಸುಗಮವಾಗಿ ನಡೆಯುವಂತೆ ಮಾಡುವುದರಲ್ಲಿ ತೃಪ್ತಿ ಕಾಣುವವನಿಗೆ ಮಾಹಿತಿ ತಂತ್ರಜ್ಞಾನ ಹಿತ. ಬೀಗವನ್ನು ಕಂಡೊಡನೆ ಅದರ ದೌರ್ಬಲ್ಯವೇನೆಂದು ಯೋಚಿಸುವವನು, ಸಾಧ್ಯವಿದ್ದರೆ ಗಣಕ ವಿಜ್ಞಾನದ ತಳಹದಿಯನ್ನು ಗಟ್ಟಿಮಾಡಿಕೊಂಡು ಸುರಕ್ಷತೆಯತ್ತ ಸಾಗಲಿ. ನಿರ್ಣಯಿಸಲು ಆಗದವನಿಗೂ ಈ ತಳಹದಿಯೇ ಕ್ಷೇಮ. ಅಲ್ಲಿಂದ ಉಳಿದೆರಡಕ್ಕೂ ದಾರಿಯುಂಟು.